ರಸಾಯನಶಾಸ್ತ್ರದ ಮನೆಯಲ್ಲಿ ಬೆಳೆದ ಕಮಲಾ

ಕುಂಸಿಯ ಹೆಸರು ಹೊರಗಿನವರಿಗೆ ಪರಿಚಿತವಾದುದು ಇಲ್ಲಿಯ ಮ್ಯಾಂಗನೀಸ್ ಅದಿರಿನಿಂದ. ಉಕ್ಕಿಗೆ ಗಟ್ಟಿತನ ನೀಡುವ ಆ ಕಪ್ಪು ಕಲ್ಲನ್ನು ಕೈಯಲ್ಲಿ ಹಿಡಿದು, ಇದರೊಳಗೆ ಏನಿದೆಯೆಂದು ಕೇಳುವ ಮಗುವಿಗೆ ನಾವು ಏನೆಂದು ಉತ್ತರಿಸುತ್ತೇವೆ? ಕೇಳುವುದು ಹೆಣ್ಣುಮಗುವಾದರೆ ನಮ್ಮ ಅನೇಕ ಮನೆಗಳಲ್ಲಿ ಉತ್ತರಿಸುವ ತಾಳ್ಮೆಯೂ ಕಡಿಮೆಯೇ. ಈ ವಾರ ನಾವು ಸ್ಮರಿಸುತ್ತಿರುವ ಡಾ. ಕಮಲಾ ಸೊಹೊನಿಯವರು ಬೆಳೆದ ಮನೆ ಅಂತಹುದಲ್ಲ.

1911ರಲ್ಲಿ ಇಂದೂರಿನಲ್ಲಿ ಜನಿಸಿದ ಕಮಲಾರ ತಂದೆ ನಾರಾಯಣರಾವ್ ಭಾಗವತ್ ಹಾಗೂ ತಂದೆಯ ಸೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನಲ್ಲಿ ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ಮೊದಮೊದಲ ವಿದ್ಯಾರ್ಥಿಗಳು ಅವರು. ಇತರ ಮಕ್ಕಳು ಪಠ್ಯಪುಸ್ತಕದಲ್ಲಷ್ಟೇ ಕಾಣುವ ವಿಷಯ ಕಮಲಾರಿಗೆ ಹಿರಿಯರ ನಿತ್ಯದ ವೃತ್ತಿಯಾಗಿತ್ತು. ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿಯಾದರು. ಒಂದೇ ಅಚ್ಚಿನಲ್ಲಿ ಮಕ್ಕಳನ್ನು ಎರೆಯದ ಮನೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಅಗ್ರಸ್ಥಾನ ಪಡೆದ ಕಮಲಾ, ತಂದೆ ಕಲಿತ ಸಂಸ್ಥೆಯಲ್ಲೇ ಸಂಶೋಧನೆ ಮಾಡಲು ಬಯಸಿ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಅಷ್ಟು ದೊಡ್ಡ ವಿಜ್ಞಾನಿಯಲ್ಲೂ ಅಂತಹ ಸಣ್ಣತನ ಇದ್ದುದನ್ನು ಮರೆಮಾಚುವುದು ಸರಿಯಲ್ಲ. ಅರ್ಹತೆಯಿದ್ದೂ ನಿರಾಕರಣೆಯೇಕೆಂದು ಕಮಲಾ ಪಟ್ಟುಹಿಡಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ವರ್ಷ ಪರೀಕ್ಷಾರ್ಥವಾಗಿರಬೇಕು. ಕೆಲಸ ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಮಾನ್ಯತೆ. ಸಂಸ್ಥೆಯ ವಾತಾವರಣ ಕೆಡಿಸಬಾರದು. ಈ ಕೊನೆಯ ಷರತ್ತಿನ ಅವಮಾನವನ್ನು ಅವರು ಜೀವನಪರ್ಯಂತ ಮರೆಯಲಿಲ್ಲ.

ಆ ದಿನಗಳಲ್ಲಿ ಆಸರೆಯಾದವರು ಗುರು ಶ್ರೀನಿವಾಸಯ್ಯನವರು. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಹಾಗೂ ಬೇಳೆಕಾಳುಗಳಲ್ಲಿನ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಮುಗಿಯುವಷ್ಟರಲ್ಲಿ ರಾಮನ್ ತೃಪ್ತರಾದರು. ಅನಂತರ ಇತರ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆಯಿತು. 1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದ ಕಮಲಾ ಕೇಂಬ್ರಿಜ್‌ಗೆ ತೆರಳಿ, ಜೀವಸತ್ವಗಳ ಸಂಶೋಧನೆಗಾಗಿ ನೊಬೆಲ್ ಪಡೆದ ಹಾಪ್‌ಕಿನ್ಸ್‌ರವರ ಪ್ರಯೋಗಶಾಲೆ ಸೇರಿದರು. ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿನ ಪಾತ್ರವನ್ನು ಗುರುತಿಸಿದ ಅವರ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ದೊರಕಿತು. ಪ್ರಬಂಧದ ಗಾತ್ರ ಕೇವಲ 40 ಪುಟ. ವಿಜ್ಞಾನದಲ್ಲಿ ಈ ಪದವಿ ಪಡೆದ ಪ್ರಥಮ ಭಾರತೀಯ ಮಹಿಳೆಯೆಂದು ಅವರನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ.

ಅದೇ ವರ್ಷ ಸ್ವದೇಶಕ್ಕೆ ಮರಳಿ ದೆಹಲಿಯಲ್ಲೂ ಕೂನೂರಿನಲ್ಲೂ ದುಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಬಡವರ ಆಹಾರವೇ ಅವರ ಸಂಶೋಧನೆಯ ವಸ್ತು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ನೀರಾದಲ್ಲಿರುವ ಜೀವಸತ್ವಗಳನ್ನೂ ಕಬ್ಬಿಣಾಂಶವನ್ನೂ ಪರೀಕ್ಷಿಸಿ, ಅಪೌಷ್ಟಿಕತೆಯಿಂದ ಬಳಲುವ ಗರ್ಭಿಣಿಯರಿಗೂ ಹದಿಹರೆಯದ ಮಕ್ಕಳಿಗೂ ಅದು ಪ್ರಯೋಜನಕರವೆಂದು ತೋರಿಸಿಕೊಟ್ಟರು. ಈ ಕಾರ್ಯಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಸಂದಿತು.

1998ರಲ್ಲಿ, ದೆಹಲಿಯಲ್ಲಿ ತಮಗಾಗಿಯೇ ಏರ್ಪಟ್ಟ ಸನ್ಮಾನ ಸಮಾರಂಭದಲ್ಲಿ ಕುಸಿದುಬಿದ್ದ ಅವರು ಸ್ವಲ್ಪ ಕಾಲದಲ್ಲೇ ನಿಧನ ಹೊಂದಿದರು.