ಕಸುಬು ಕೇಳಿದ ವೈದ್ಯ: ಬರ್ನಾರ್ಡಿನೊ ರಾಮಜ್ಜಿನಿ

ಕೊಲ್ಕತ್ತದ ಲೇಕ್ ಗಾರ್ಡನ್ಸ್‌ನಿಂದ ಪ್ರಿನ್ಸ್ ಅನ್ವರ್ ಷಾ ರಸ್ತೆಗೆ ಬಂದರೆ ನಿಮಗೆ ಈಗ ಕಾಣುವುದು ಸೌತ್ ಸಿಟಿಯ ಮಾಲ್ ಮತ್ತು ಗಗನಚುಂಬಿ ಮನೆಗಳು. ಹಿಂದೆ ಅಲ್ಲಿದ್ದದ್ದು ಉಷಾ ಹೊಲಿಗೆ ಯಂತ್ರ, ಫ್ಯಾನ್‌ಗಳ ಕಾರ್ಖಾನೆ. ಕಾರ್ಖಾನೆ ಹೋಯಿತು. ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತವರ ಬೆನ್ನುನೋವು ಮಾತ್ರ ಹೋಗಿಲ್ಲ. ಆ ಯಂತ್ರ ಹುಟ್ಟುವ ಮೊದಲೇ, ದರ್ಜಿಗಳ ಬೆನ್ನನ್ನು ನೋಡಿ ಬರೆದಿಟ್ಟ ವೈದ್ಯರೊಬ್ಬರಿದ್ದರು.

ಬರ್ನಾರ್ಡಿನೊ ರಾಮಜ್ಜಿನಿ ಇಟಲಿಯ ಕಾರ್ಪಿ ಊರಲ್ಲಿ 1633ರಲ್ಲಿ ಹುಟ್ಟಿದರು. ಪಾರ್ಮಾದಲ್ಲಿ ವೈದ್ಯಕೀಯ ಓದಿ, ಕೆಲಕಾಲ ಹಳ್ಳಿಗಾಡಿನಲ್ಲಿ ಚಿಕಿತ್ಸೆ ಮಾಡಿ, ಮಲೇರಿಯಾದಿಂದ ನರಳಿ ಊರಿಗೆ ಮರಳಿದರು. ಆಮೇಲೆ ಮೊಡೆನಾ ನಗರದಲ್ಲಿ ವೈದ್ಯರಾದರು, ಪ್ರಾಧ್ಯಾಪಕರೂ ಆದರು.

ಒಂದು ದಿನ ಅವರ ಮನೆಯ ಮಲದ ಗುಂಡಿ ತೆಗೆಯಲು ಬಂದವನು ವಿಪರೀತ ಅವಸರ ಮಾಡುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ, ಇಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇದ್ದರೆ ಕಣ್ಣು ಹೋಗುತ್ತದೆ ಎಂದನಂತೆ. ಆ ಕೆಲಸ ಮಾಡಿ ಕುರುಡಾಗಿ ಭಿಕ್ಷೆ ಬೇಡುವವರನ್ನು ರಾಮಜ್ಜಿನಿ ಊರಿನಲ್ಲೇ ಕಂಡರು. ಅಲ್ಲಿಂದ ಅವರು ಕುಂಬಾರರು, ಗಣಿಯವರು, ರೊಟ್ಟಿ ಸುಡುವವರು ಎಂದು ಒಬ್ಬೊಬ್ಬರ ಕೆಲಸದ ಜಾಗಕ್ಕೇ ಹೋಗಿ ನೋಡತೊಡಗಿದರು. 1700ರಲ್ಲಿ ಲ್ಯಾಟಿನ್ ಭಾಷೆಯ ಪುಸ್ತಕ ಬಂತು. ನಲವತ್ತಕ್ಕೂ ಹೆಚ್ಚು ಕಸುಬುಗಳ ಕಾಯಿಲೆಗಳು ಅದರಲ್ಲಿದ್ದವು.

ಕಾಯಿಲೆಗೆ ಅವರು ಎರಡು ಮುಖ್ಯ ಕಾರಣ ಹೇಳಿದರು. ಒಂದು, ಧೂಳು, ಹೊಗೆ, ವಿಷ. ಇನ್ನೊಂದು, ದೇಹಕ್ಕೆ ಒಗ್ಗದ ಭಂಗಿ ಮತ್ತು ಚಲನೆ. ನನಗೆ ಎರಡನೆಯದೇ ಹೆಚ್ಚು ದೊಡ್ಡ ಮಾತು ಅನ್ನಿಸುತ್ತದೆ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಬರೆಯುವ ಕಸುಬಿನ ಒಬ್ಬನ ಬಲಗೈ ಸೋತುಹೋಯಿತು. ಅವನು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲಕ್ಕೆ ಅದೂ ಸೋತಿತು. ಇದನ್ನು ರಾಮಜ್ಜಿನಿ ದಾಖಲಿಸಿದ್ದಾರೆ. ಹಬ್ಬದ ಮೆರವಣಿಗೆಯಲ್ಲಿ ಬಾಗಿ ಕುಂಟುತ್ತಾ ನಡೆದ ದರ್ಜಿಗಳನ್ನೂ ಬರೆದಿದ್ದಾರೆ. ಆದರೆ ಅವರಿಗೆ ಹೇಳಲಾಗಿದ್ದು ಇಷ್ಟೇ: ರಜೆಯ ದಿನ ಮೈ ಆಡಿಸಿ. ಉಪಕರಣವನ್ನೇ ಬದಲಿಸುವುದು ಆಗಿನ ವೈದ್ಯನ ಕೈಯಲ್ಲಿರಲಿಲ್ಲ. ಎರ್ಗೊನಾಮಿಕ್ಸ್ ಎಂಬ ಪದವನ್ನು ಪೋಲೆಂಡಿನ ವಿಜ್ಞಾನಿ ಯಾಸ್ತ್ಶೆಂಬೊವ್ಸ್ಕಿ ಬಳಸಿದ್ದೇ 1857ರಲ್ಲಿ.

ಈಗ ಕೆಲಸ ಸುಲಭ. ಮಣಿಕಟ್ಟು ಬಾಗಿದಷ್ಟೂ ಒಳಗಿನ ಕಿರಿದಾದ ದಾರಿಯಲ್ಲಿ ನರ ಒತ್ತಿಹೋಗುತ್ತದೆ. ಆದ್ದರಿಂದ ಇಕ್ಕಳದ ಹಿಡಿಯನ್ನೇ ಬಾಗಿಸುತ್ತಾರೆ, ಕೈ ನೇರ ಉಳಿಯುತ್ತದೆ. ಹಿಡಿ ತೀರಾ ಸಣ್ಣದಾದರೆ ಬೆರಳು ಹೆಚ್ಚು ಬಿಗಿಯಬೇಕು. ಅದನ್ನು ದಪ್ಪ ಮಾಡುತ್ತಾರೆ. ಮೇಜಿನ ಎತ್ತರ ಸರಿಯಾದರೆ ಕುತ್ತಿಗೆ ಇಳಿಬಿಡಬೇಕಾಗಿಲ್ಲ.

ಔಷಧಿ ಅಂಗಡಿಯಲ್ಲಿ ನಾವು ನೋವಿನ ಮಾತ್ರೆ ಕೊಡುತ್ತೇವೆ. ಯಾವ ಕತ್ತರಿ, ಯಾವ ಸ್ಟೂಲು ಎಂದು ಕೇಳುವುದಿಲ್ಲ. ಅದೇ ಉಪಕರಣ ಹಿಡಿದು ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಅಪಾಯ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಲ್ಲಿ ಜೋಮು, ರಾತ್ರಿ ಎಚ್ಚರವಾಗುವಷ್ಟು ಚುಳುಚುಳು, ಹಿಡಿದ ವಸ್ತು ಜಾರುವುದು, ಇವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳಿಗೆ ರಾಮಜ್ಜಿನಿ ಒಂದನ್ನು ಸೇರಿಸಿದ್ದರು: ನಿಮ್ಮ ಕಸುಬು ಯಾವುದು ಎಂದು. ಪಾದುವಾದಲ್ಲಿ ಪ್ರಾಧ್ಯಾಪಕರಾಗಿ, ಕಣ್ಣು ಮಂದವಾದ ಮೇಲೂ, 1713ರಲ್ಲಿ ಪುಸ್ತಕವನ್ನು ಹಿಗ್ಗಿಸಿ ಮತ್ತೆ ತಂದರು. ಮರುವರ್ಷ ತೀರಿಕೊಂಡರು. ನಿಮ್ಮ ವೈದ್ಯರು ಆ ಪ್ರಶ್ನೆ ಕೇಳದಿದ್ದರೆ ನೀವೇ ಹೇಳಿ: ದಿನಕ್ಕೆ ಎಷ್ಟು ಗಂಟೆ, ಯಾವ ಕೈ, ಯಾವ ಭಂಗಿ. ನೋಯಿಸುವ ಕತ್ತರಿಯನ್ನು ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ದರೂ ತಪ್ಪಿಲ್ಲ.