ಪೀಪಾಯಿಗಳ ಮೇಲೆ ಕೇಸು ಹಾಕಿದ ಡಾಕ್ಟರ್ ವೈಲಿ

ಸ್ಯಾಂಪಲ್ ತೆಗೆಯುವ ಅಧಿಕಾರಿ ಪೇಟೆ ಬೀದಿಗೆ ಕಾಲಿಟ್ಟ ಅಂದರೆ ಸಾಕು, ಸುದ್ದಿ ಅವನಿಗಿಂತ ಮುಂಚೆ ಕೊನೇ ಅಂಗಡಿ ತಲುಪಿರುತ್ತದೆ. ಹಿಂದೆ ಫುಡ್ ಇನ್ಸ್‌ಪೆಕ್ಟರ್ ಅನ್ನುತ್ತಿದ್ದರು, ಈಗ ಆಹಾರ ಸುರಕ್ಷತಾ ಅಧಿಕಾರಿ. ಬೋರ್ಡು ಬದಲಾದರೂ ಕೆಲಸ ಅದೇ. ಸ್ಯಾಂಪಲ್ ತೆಗೆಯಬೇಕು, ಸೀಲು ಹಾಕಬೇಕು, ಲ್ಯಾಬಿಗೆ ಕಳಿಸಬೇಕು, ವರದಿ ಬಂದ ಮೇಲೆ ಕೇಸು ನಡೆಸಬೇಕು. ಅಂಗಡಿಯವನಿಗೆ ಅವನನ್ನು ಕಂಡರಾಗದು. ಗಿರಾಕಿಗೆ ಅವನು ಯಾರೆಂದೇ ಗೊತ್ತಿರುವುದಿಲ್ಲ.

ಈ ಕೆಲಸಕ್ಕಾಗಿ ಇಡೀ ಆಯುಸ್ಸು ಸವೆಸಿದ ಒಬ್ಬ ಸರ್ಕಾರಿ ನೌಕರ ಅಮೆರಿಕದಲ್ಲಿದ್ದರು. ಹೆಸರು ಹಾರ್ವೆ ವಾಷಿಂಗ್ಟನ್ ವೈಲಿ. ದೊಡ್ಡ ದೊಡ್ಡ ಕಂಪನಿಗಳನ್ನು ಎದುರು ಹಾಕಿಕೊಂಡವರು. ಕುರ್ಚಿಯಲ್ಲಿ ಇದ್ದಾಗ ಸೋತ ಕೇಸು, ಕುರ್ಚಿ ಬಿಟ್ಟ ಮೇಲೆ ಗೆದ್ದಿತು.

ವೈಲಿ ಹುಟ್ಟಿದ್ದು 1844ರ ಅಕ್ಟೋಬರ್ 18ರಂದು, ಇಂಡಿಯಾನಾ ರಾಜ್ಯದ ಕೆಂಟ್ ಎಂಬ ಹಳ್ಳಿಯ ಬಳಿ, ರೈತನ ಮನೆಯಲ್ಲಿ. ಅಂತರ್ಯುದ್ಧದ ಕಾಲದಲ್ಲಿ ಸ್ವಲ್ಪ ದಿನ ಸಿಪಾಯಿಯಾಗಿದ್ದರು. 1871ರಲ್ಲಿ ವೈದ್ಯ ಪದವಿ ಪಡೆದರು, ಆದರೆ ನಾಡಿ ಹಿಡಿಯುವುದಕ್ಕಿಂತ ಪರೀಕ್ಷಾ ನಳಿಗೆ ಹಿಡಿಯುವುದೇ ಇಷ್ಟವಾಯಿತು. 1874ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು.

1878ರಲ್ಲಿ ಜರ್ಮನಿಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡುವ ವಿದ್ಯೆ ಕಲಿತು ಬಂದರು. ಬಂದವರೇ ಇಂಡಿಯಾನಾದ ಆರೋಗ್ಯ ಮಂಡಳಿಗಾಗಿ ಪೇಟೆಯ ಜೇನುತುಪ್ಪ, ಸಕ್ಕರೆ ಪಾಕಗಳನ್ನು ಪರೀಕ್ಷೆಗೆ ಒಡ್ಡಿದರು. ಜೇನು ಅಂತ ಮಾರುತ್ತಿದ್ದ ಎಷ್ಟೋ ಸರಕಿನಲ್ಲಿ ಜೋಳದ ಗ್ಲೂಕೋಸ್ ಬೆರೆತಿತ್ತು. 1881ರಲ್ಲಿ ವರದಿ ಅಚ್ಚಾಯಿತು. ಅಲ್ಲಿಂದ ಅವರ ದಾರಿ ಗೊತ್ತಾಯಿತು.

ಪರ್ಡ್ಯೂದ ಆಡಳಿತ ಮಂಡಳಿಗೆ ಈ ಮನುಷ್ಯ ಅಷ್ಟಾಗಿ ಹಿಡಿಸಲಿಲ್ಲ. ಚೆಡ್ಡಿ ಹಾಕಿಕೊಂಡು ಸೈಕಲ್ ಹೊಡೆಯುತ್ತಾರೆ, ಹುಡುಗರ ಜೊತೆ ಬೇಸ್‌ಬಾಲ್ ಆಡುತ್ತಾರೆ, ಪ್ರೊಫೆಸರ್ ಅನ್ನೋರಿಗೆ ಇದು ಶೋಭೆಯೇ ಅಂತ ಕರೆಸಿ ಬುದ್ಧಿ ಹೇಳಿದರು. ಅಲ್ಲಿಯ ಅಧ್ಯಕ್ಷಗಿರಿಯೂ ಕೈತಪ್ಪಿತು. 1883ರಲ್ಲಿ ಅವರು ವಾಷಿಂಗ್ಟನ್‌ಗೆ ಬಂದು ಕೃಷಿ ಇಲಾಖೆಯ ಮುಖ್ಯ ರಸಾಯನ ತಜ್ಞರಾದರು.

ಊಟ ಉಚಿತ, ವಿಷವೂ ಉಚಿತ

ಆಗಿನ ಅಮೆರಿಕದ ಪೇಟೆ ಹೇಗಿತ್ತು ಅಂತೀರಿ? ಹಾಲಿಗೆ ನೀರು ಹಾಕುವುದು ಹಳೇ ಕಸುಬು. ಕೆಡದಿರಲಿ ಅಂತ ಫಾರ್ಮಲಿನ್ ಕೂಡ ಹಾಕುತ್ತಿದ್ದರು. ಹಿಟ್ಟನ್ನು ಅಚ್ಚಿಗೆ ಒತ್ತಿ ಕಾಫಿ ಬೀಜದ ಆಕಾರ ಕೊಟ್ಟು ಮಾರುವವರೂ ಇದ್ದರು. ವೈಲಿಯವರ ಕಚೇರಿ 1887ರಿಂದ ಇದೆಲ್ಲವನ್ನೂ ಒಂದೊಂದೇ ಸರಕಿನಂತೆ ಪರೀಕ್ಷಿಸಿ ಪುಸ್ತಕ ಹೊರಡಿಸಿತು. ಓದಿದವರು ಕಡಿಮೆ. ಕಾನೂನು ತನ್ನಿ ಅಂದರೆ ಸಂಸತ್ತಿನಲ್ಲಿ ಮಸೂದೆ ಬರುವುದು, ಬಿದ್ದುಹೋಗುವುದು, ಇದೇ ಆಯಿತು.

1902ರಲ್ಲಿ ಸಂಸತ್ತು 5,000 ಡಾಲರ್ ಮಂಜೂರು ಮಾಡಿತು. ವೈಲಿ 12 ಜನ ಯುವಕರನ್ನು ಆರಿಸಿಕೊಂಡರು. ಕಚೇರಿಯ ನೆಲಮಾಳಿಗೆಯಲ್ಲಿ ಅಡುಗೆಮನೆ, ಊಟದ ಮನೆ. ಮೂರು ಹೊತ್ತೂ ಒಳ್ಳೇ ಊಟ, ಪುಕ್ಕಟೆ. ಆದರೆ ಊಟದ ಜೊತೆ ಬೋರಾಕ್ಸ್ ಅಂದರೆ ಬಿಳಿಗಾರ. ಅದು ಮುಗಿದ ಮೇಲೆ ಸ್ಯಾಲಿಸಿಲಿಕ್ ಆಮ್ಲ, ಗಂಧಕದ ಲವಣ, ಬೆಂಜೋಯೇಟ್, ಫಾರ್ಮಲಿನ್, ಹೀಗೆ ಆಗ ಡಬ್ಬಿ ಆಹಾರಕ್ಕೆ ಹಾಕುತ್ತಿದ್ದ ಒಂದೊಂದೇ ಮದ್ದು. ದಿನವೂ ತೂಕ, ಜ್ವರ, ನಾಡಿ ಬರೆದಿಡಬೇಕು. ಏನಾದರೂ ಆದರೆ ಸರ್ಕಾರದ ಮೇಲೆ ದಾವೆ ಹೂಡುವುದಿಲ್ಲ ಅಂತ ಮೊದಲೇ ರುಜು ಹಾಕಿಸಿಕೊಂಡಿದ್ದರು. ಪತ್ರಿಕೆಗಳು ಇದಕ್ಕೆ ವಿಷದ ಪಡೆ ಅಂತ ಹೆಸರಿಟ್ಟವು. ಹುಡುಗರಿಗೆ ಹೊಟ್ಟೆನೋವು, ತಲೆನೋವು ಶುರುವಾಯಿತು. ವರದಿಗಿಂತ ವೇಗವಾಗಿ ಸುದ್ದಿ ಊರೂರು ತಲುಪಿತು. ಮನೆಯ ಹೆಂಗಸರು ಕೇಳತೊಡಗಿದರು, ನಮ್ಮ ಮಕ್ಕಳು ತಿನ್ನುವುದರಲ್ಲಿ ಏನಿದೆ ಅಂತ.

ಮಹಿಳಾ ಸಂಘಗಳ ಒತ್ತಾಯ ಜೋರಾಯಿತು. ಶಿಕಾಗೋ ಕಸಾಯಿಖಾನೆಗಳ ಹೊಲಸನ್ನು ಅಪ್ಟನ್ ಸಿಂಕ್ಲೇರ್ 1906ರಲ್ಲಿ ಕಾದಂಬರಿ ಬರೆದು ಬಯಲಿಗೆಳೆದರು. ಅದೇ ವರ್ಷ ಜೂನ್ 30ರಂದು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. 1907ರ ಜನವರಿ 1ರಿಂದ ಜಾರಿ. ಜಾರಿ ಮಾಡುವ ಹೊಣೆ ವೈಲಿಯವರ ಕಚೇರಿಗೆ.

ಆರೋಪಿ ಸ್ಥಾನದಲ್ಲಿ ಸರಕು

ಈ ಕಾಯ್ದೆಯಲ್ಲಿ ಎರಡು ದಾರಿ ಇದ್ದವು. ಒಂದು, ತಪ್ಪು ಮಾಡಿದವನ ಮೇಲೆ ಕ್ರಿಮಿನಲ್ ಕೇಸು. ಎರಡನೆಯದು ಸಿವಿಲ್ ದಾರಿ, ಇದು ಸ್ವಲ್ಪ ವಿಚಿತ್ರ. ಇದರಲ್ಲಿ ಪ್ರತಿವಾದಿ ಮನುಷ್ಯನಲ್ಲ, ಸರಕು! ಅಮೆರಿಕ ಸರ್ಕಾರ ಒಂದು ಕಡೆ, ಇಷ್ಟು ಪೀಪಾಯಿ ಅಥವಾ ಇಷ್ಟು ಚೀಲ ಇನ್ನೊಂದು ಕಡೆ. ರಾಜ್ಯದ ಗಡಿ ದಾಟಿ ಬಂದ ಸರಕನ್ನು ಕೋರ್ಟಿನ ಆದೇಶದ ಮೇಲೆ ಜಪ್ತಿ ಮಾಡುವುದು. ಮಾಲೀಕ ಬೇಕಾದರೆ ಬಂದು ಸರಕಿನ ಪರ ವಾದಿಸಬಹುದು. ಸೋತರೆ ಸರಕು ನಾಶ, ಇಲ್ಲವೇ ಹರಾಜು, ಇಲ್ಲವೇ ಮುಚ್ಚಳಿಕೆ ಬರೆಸಿಕೊಂಡು ವಾಪಸು.

ಸಣ್ಣ ಅಂಗಡಿಯವನಿಗೂ ಅಲ್ಲಿ ಒಂದು ರಕ್ಷಣೆ ಇತ್ತು. ಸರಕು ಶುದ್ಧ ಅಂತ ತಯಾರಕನೋ ಸಗಟು ವ್ಯಾಪಾರಿಯೋ ಬರೆದುಕೊಟ್ಟ ಗ್ಯಾರಂಟಿ ಕೈಯಲ್ಲಿದ್ದರೆ ಕೇಸು ಅಂಗಡಿಯವನ ಮೇಲಲ್ಲ, ಬರೆದುಕೊಟ್ಟವನ ಮೇಲೆ. ನಮ್ಮ 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಲ್ಲಿದ್ದ ವಾರಂಟಿಯೂ ಇದೇ ಜಾತಿಯದು. ವೈಲಿ ಕಣ್ಣಿಟ್ಟಿದ್ದು ಕಾರ್ಖಾನೆಯ ಮೇಲೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಮೇಲಲ್ಲ.

ಹೀಗಾಗಿ ಕಾರ್ಖಾನೆಯವರು ಸುಮ್ಮನಿರಲಿಲ್ಲ. 1908ರ ಆರಂಭದಲ್ಲಿ ಅಧ್ಯಕ್ಷರ ಮುಂದೆ ಸಭೆ ಸೇರಿತು. ಸಕ್ಕರೆ ಬದಲು ಸ್ಯಾಕರಿನ್ ಹಾಕುವುದು ಗಿರಾಕಿಗೆ ಮೋಸ, ಆರೋಗ್ಯಕ್ಕೂ ಕೇಡು ಅಂದುಬಿಟ್ಟರು ವೈಲಿ. ರೂಸ್‌ವೆಲ್ಟ್ ಕೆಂಡವಾದರು. ಅವರ ಸ್ವಂತ ವೈದ್ಯರೇ ಅವರಿಗೆ ದಿನವೂ ಸ್ಯಾಕರಿನ್ ಕೊಡುತ್ತಿದ್ದರು! ಕೆಲವೇ ದಿನಗಳಲ್ಲಿ ವೈಲಿಯವರ ಅಭಿಪ್ರಾಯವನ್ನು ತೂಗಿ ನೋಡಲು ಬೇರೆ ತಜ್ಞರ ಮಂಡಳಿ ಬಂತು. ಅದು ಸ್ವಲ್ಪ ಪ್ರಮಾಣದ ಬೆಂಜೋಯೇಟ್‌ನಿಂದ ತೊಂದರೆಯಿಲ್ಲ ಅಂದಿತು.

ನ್ಯಾಯವಾಗಿ ಹೇಳಬೇಕೆಂದರೆ ವೈಲಿ ಹೇಳಿದ್ದೆಲ್ಲ ಸರಿಯಲ್ಲ. ಸ್ಯಾಕರಿನ್, ಬೆಂಜೋಯೇಟ್ ಎರಡಕ್ಕೂ ಇಂದು ಮಿತಿಯೊಳಗೆ ಅನುಮತಿಯಿದೆ. ಆದರೆ ಡಬ್ಬಿಯೊಳಗೆ ಏನಿದೆ ಅಂತ ಗಿರಾಕಿಗೆ ತಿಳಿಯಬೇಕು ಅಂದರಲ್ಲ, ಅದರಲ್ಲಿ ಅವರು ತಪ್ಪಲಿಲ್ಲ. ನೆಟ್ಟಗೆ ವ್ಯಾಪಾರ ಮಾಡುವವರು ಅವರ ಪರ ನಿಂತರು. ಹೈಂಜ್ ಕಂಪನಿ ಬೆಂಜೋಯೇಟ್ ಇಲ್ಲದೆಯೇ ಟೊಮ್ಯಾಟೊ ಕೆಚಪ್ ಮಾಡಿ ತೋರಿಸಿತು. ಕಲಬೆರಕೆಯವನು ಅಗ್ಗಕ್ಕೆ ಮಾರಿದಾಗ ಮೊದಲು ಮುಳುಗುವುದು ಪಕ್ಕದ ನಿಯತ್ತಿನ ವ್ಯಾಪಾರಿಯೇ ತಾನೆ?

40 ಪೀಪಾಯಿ, 20 ಕೆಗ್

1909ರ ಅಕ್ಟೋಬರಿನಲ್ಲಿ ದೊಡ್ಡ ಬೇಟೆ ಬಿತ್ತು. ಅಟ್ಲಾಂಟಾದಿಂದ ಟೆನ್ನೆಸ್ಸಿ ರಾಜ್ಯದ ಚಟ್ಟನೂಗಾ ಊರಿಗೆ ಹೊರಟಿದ್ದ ಕೋಕಾಕೋಲಾ ಪಾಕದ 40 ಪೀಪಾಯಿ, 20 ಸಣ್ಣ ಕೆಗ್‌ಗಳನ್ನು ಸರ್ಕಾರ ಜಪ್ತಿ ಮಾಡಿತು. ಆಪಾದನೆ ಎರಡು. ಪಾಕಕ್ಕೆ ಸೇರಿಸಿದ ಕೆಫೀನ್ ಆರೋಗ್ಯಕ್ಕೆ ಹಾನಿ. ಹೆಸರಿನಲ್ಲಿರುವ ಕೋಕಾ, ಕೋಲಾ ಎರಡೂ ಒಳಗೆ ಇರಬೇಕಾದಂತೆ ಇಲ್ಲ.

ವೈಲಿ 66ನೇ ವಯಸ್ಸಿನಲ್ಲಿ, 1911ರ ಫೆಬ್ರುವರಿಯಲ್ಲಿ ಆನ್ನಾ ಕೆಲ್ಟನ್ ಅವರನ್ನು ಮದುವೆಯಾದರು. ಮುಂದಿನ ತಿಂಗಳೇ ಚಟ್ಟನೂಗಾದಲ್ಲಿ ವಿಚಾರಣೆ. ಎರಡೂ ಕಡೆ ತಜ್ಞರ ದಂಡು. ಕೊನೆಗೆ ನ್ಯಾಯಾಧೀಶ ಸ್ಯಾನ್‌ಫರ್ಡ್, ಕೆಫೀನ್ ಆ ಪಾನೀಯದ ಮೂಲ ಅಂಶವೇ ಹೊರತು ಹೊರಗಿನಿಂದ ಸೇರಿಸಿದ್ದಲ್ಲ ಎಂದು ಕಂಪನಿಯ ಕಡೆ ತೀರ್ಪು ಕೊಟ್ಟರು. ಕೆಫೀನ್ ಹಾನಿಯೋ ಅಲ್ಲವೋ ಅನ್ನುವ ಪ್ರಶ್ನೆ ಪಂಚರ ಮುಂದೆ ಹೋಗಲೇ ಇಲ್ಲ.

ಏಟಿನ ಮೇಲೆ ಏಟು. ಅದೇ ವರ್ಷ ಇಲಾಖೆಯೊಳಗಿನವರೇ ವೈಲಿಯವರ ಮೇಲೆ ಚಾಡಿ ಕಟ್ಟಿದರು. ಒಬ್ಬ ತಜ್ಞರಿಗೆ ನಿಯಮ ಮೀರಿ ಸಂಬಳ ಗೊತ್ತು ಮಾಡಿದರು, ಆದ್ದರಿಂದ ಮನೆಗೆ ಕಳಿಸಿ ಅಂತ. ಜನ, ಪತ್ರಿಕೆಗಳು ತಿರುಗಿಬಿದ್ದವು. ಅಧ್ಯಕ್ಷ ಟ್ಯಾಫ್ಟ್ ಕಡತ ನೋಡಿ ವೈಲಿಯವರನ್ನು ದೋಷಮುಕ್ತ ಮಾಡಿದರು. ಆದರೆ ಕೈಕಟ್ಟಿದ ಕೆಲಸ ಎಷ್ಟು ದಿನ ಮಾಡುವುದು? 29 ವರ್ಷ ಕೂತಿದ್ದ ಕುರ್ಚಿಗೆ 1912ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಗುಡ್ ಹೌಸ್‌ಕೀಪಿಂಗ್ ಪತ್ರಿಕೆ ಸೇರಿ, ಅಲ್ಲಿ ಪ್ರಯೋಗಾಲಯ ನಡೆಸಿಕೊಂಡು ಮನೆ ಮನೆಗೆ ಮುಟ್ಟುವಂತೆ ಬರೆದರು.

ಕೇಸು ಮಾತ್ರ ಸಾಯಲಿಲ್ಲ. ಸರ್ಕಾರ ಮೇಲ್ಮನವಿ ಹಾಕಿತ್ತು. 1916ರ ಮೇ 22ರಂದು ಸುಪ್ರೀಂ ಕೋರ್ಟು ಕೆಳಗಿನ ತೀರ್ಪನ್ನು ತಿರುಗಿಸಿತು. ತಯಾರಕನ ಸೂತ್ರದಲ್ಲಿದೆ ಅಂದ ಮಾತ್ರಕ್ಕೆ ಅದು ಸೇರಿಸಿದ ವಸ್ತು ಅಲ್ಲವೆನ್ನಲು ಬಾರದು, ಹಾಗೆಂದರೆ ವಿಷವನ್ನೂ ಸೂತ್ರಕ್ಕೆ ಬರೆದುಕೊಂಡು ಪಾರಾಗಬಹುದು ಅನ್ನುವುದು ಆ ತೀರ್ಪಿನ ತಿರುಳು. ಮತ್ತೆ ವಿಚಾರಣೆಗೆ ನಿಲ್ಲುವ ಬದಲು ಕಂಪನಿ 1917ರಲ್ಲಿ ರಾಜಿಯಾಯಿತು. ಕೆಫೀನ್ ಅರ್ಧಕ್ಕೆ ಇಳಿಯಿತು. ಕೋರ್ಟು ಖರ್ಚು ಕಂಪನಿಯದೇ. ಪೀಪಾಯಿಗಳು ವಾಪಸು ಹೋದವು.

ಒಬ್ಬರೂ ಜೈಲಿಗೆ ಹೋಗಲಿಲ್ಲ. ಆದರೆ ಕೋಟ್ಯಂತರ ಜನ ಕುಡಿಯುವ ಪಾನೀಯ ಬದಲಾಯಿತು. ಸಿವಿಲ್ ಜಾರಿ ಕೆಲಸದ ಶಕ್ತಿ ಇರುವುದು ಇಲ್ಲೇ. ನಮ್ಮಲ್ಲೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಇದನ್ನೇ ಮಾಡಿದೆ. ಕಳಪೆ ಸರಕು, ಸುಳ್ಳು ಲೇಬಲ್ ಆದರೆ ಜೈಲಲ್ಲ, ದಂಡ. ಕಳಪೆಗೆ 5 ಲಕ್ಷದವರೆಗೆ, ಸುಳ್ಳು ಲೇಬಲ್ಲಿಗೆ 3 ಲಕ್ಷದವರೆಗೆ. ತೀರ್ಮಾನ ಅಪರ ಜಿಲ್ಲಾ ದಂಡಾಧಿಕಾರಿಗೆ ಕಡಿಮೆಯಿಲ್ಲದ ಅಧಿಕಾರಿಯದು. ಆರೋಗ್ಯಕ್ಕೆ ಹಾನಿ ತರುವ ಅಸುರಕ್ಷಿತ ಆಹಾರವಾದರೆ ಜೈಲಿನ ದಾರಿಯೂ ಇದೆ.

ವೈಲಿ ತೀರಿಕೊಂಡಿದ್ದು 1930ರ ಜೂನ್ 30ರಂದು, ಅವರ ಕಾಯ್ದೆಗೆ ಸಹಿ ಬಿದ್ದು ಸರಿಯಾಗಿ 24 ವರ್ಷಕ್ಕೆ. ಆರ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಿದರು. ಅವರು ಕಟ್ಟಿದ ಕಚೇರಿಯ ಕೆಲಸವನ್ನು ಇಂದು ಎಫ್‌ಡಿಎ ನಡೆಸುತ್ತಿದೆ. ಇನ್ನೊಮ್ಮೆ ಸ್ಯಾಂಪಲ್ ಕೇಳಿಕೊಂಡು ಯಾರಾದರೂ ಬಾಗಿಲಿಗೆ ಬಂದರೆ ಗದರಬೇಡಿ. ನಿಯತ್ತಿನವನಾದರೆ ಅವನು ಬಂದಿರುವುದು ಪಕ್ಕದ ಬೀದಿಯ ಕಲಬೆರಕೆಯವನಿಂದ ನಿಮ್ಮನ್ನು ಉಳಿಸಲಿಕ್ಕೂ ಹೌದು.