ಊರನ್ನೇ ಪಾಠಶಾಲೆ ಮಾಡಿಕೊಂಡ ಗಿಲ್ಬರ್ಟ್ ವೈಟ್

ಮಕ್ಕಳೇ, ವಿಜ್ಞಾನಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಪ್ರಯೋಗಶಾಲೆ, ಗಾಜಿನ ನಳಿಕೆ, ಸೂಕ್ಷ್ಮದರ್ಶಕ ಅಲ್ಲವೆ? ಇವು ಯಾವುವೂ ಇಲ್ಲದೆ ಹಿತ್ತಲು, ಹೊಲ, ಗುಡ್ಡ, ಕೆರೆ ಇವುಗಳನ್ನೇ ಪ್ರಯೋಗಶಾಲೆ ಮಾಡಿಕೊಂಡವರೊಬ್ಬರಿದ್ದರು. ಅವರು ಹೊಸ ದೇಶ ಹುಡುಕಿಕೊಂಡು ಹಡಗು ಹತ್ತಲಿಲ್ಲ. ಯಂತ್ರ ಕಂಡುಹಿಡಿಯಲಿಲ್ಲ. ತಮ್ಮ ಊರಿನಲ್ಲಿಯೇ ಇದ್ದು, ಕಂಡದ್ದನ್ನು ದಿನವೂ ಬರೆದಿಟ್ಟರು. ಅವರೇ ಇಂಗ್ಲೆಂಡಿನ ಗಿಲ್ಬರ್ಟ್ ವೈಟ್.

ಬಾಲ್ಯ ಮತ್ತು ಓದು

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹ್ಯಾಂಪ್‌ಷೈರ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಸೆಲ್ಬೋರ್ನ್ ಒಂದು ಸಣ್ಣ ಹಳ್ಳಿ. ಊರಿನ ಬೆನ್ನಿಗೆ ಬೀಚ್ ಮರಗಳು ದಟ್ಟವಾಗಿ ಬೆಳೆದ ಕಡಿದಾದ ಗುಡ್ಡ. ಈ ಹಳ್ಳಿಯಲ್ಲಿ 1720ರ ಜುಲೈ 18ರಂದು ವೈಟ್ ಜನಿಸಿದರು. ಅವರ ತಾತ ಅಲ್ಲಿನ ಚರ್ಚಿನ ಪಾದ್ರಿಯಾಗಿದ್ದರು. ವೈಟ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಓರಿಯಲ್ ಕಾಲೇಜಿನಲ್ಲಿ ಓದಿ 1743ರಲ್ಲಿ ಪದವಿ ಪಡೆದರು. ಅನಂತರ ಚರ್ಚಿನ ಸಹಾಯಕ ಪಾದ್ರಿಯಾಗಿ ಸುತ್ತಮುತ್ತಲ ಊರುಗಳಲ್ಲಿ ಕೆಲಸ ಮಾಡಿದರು. ಆದರೆ ಅವರ ಮನಸ್ಸು ಸೆಲ್ಬೋರ್ನ್ ಬಿಟ್ಟು ಹೋಗಲು ಒಪ್ಪಲಿಲ್ಲ. 'ದಿ ವೇಕ್ಸ್' ಎಂಬ ಮನೆಯಲ್ಲಿ, ಅದರ ತೋಟದಲ್ಲಿ ಬಾಳಿನ ಬಹುಭಾಗವನ್ನು ಕಳೆದರು.

ಗೊಬ್ಬರದ ಬಿಸಿಯಲ್ಲಿ ಕರಬೂಜ

1751ರಲ್ಲಿ ವೈಟ್ ತೋಟದ ದಿನಚರಿ ಬರೆಯಲು ತೊಡಗಿದರು. ಯಾವ ಬೀಜ ಯಾವ ದಿನ ಬಿತ್ತಿದ್ದು, ಯಾವಾಗ ಮೊಳೆತದ್ದು, ಮಳೆ ಬಂತೆ, ಇಬ್ಬನಿ ಹೆಪ್ಪುಗಟ್ಟಿತೆ ಎಲ್ಲವೂ ಅದರಲ್ಲಿ ದಾಖಲಾಯಿತು. ಕರಬೂಜ ಮತ್ತು ಸೌತೆ ಬೆಳೆಯುವುದೆಂದರೆ ಅವರಿಗೆ ಬಲು ಇಷ್ಟ. ಆದರೆ ಇಂಗ್ಲೆಂಡಿನ ಚಳಿಗೆ ಕರಬೂಜ ಬೆಳೆಯುವುದು ಹೇಗೆ? ವೈಟ್ ಬಂಡಿಗಟ್ಟಲೆ ಹಸಿ ಗೊಬ್ಬರ ತರಿಸಿ ರಾಶಿ ಹಾಕಿಸಿ, ಅದರ ಮೇಲೆ ಮಣ್ಣು ಹರಡಿ ಬೀಜ ಊರುತ್ತಿದ್ದರು. ಗೊಬ್ಬರ ಕೊಳೆಯುವಾಗ ಅದರಲ್ಲಿರುವ ಸೂಕ್ಷ್ಮಜೀವಿಗಳಿಂದ ಶಾಖ ಹುಟ್ಟುತ್ತದೆ. ತಿಪ್ಪೆಯನ್ನು ಬಗೆದಾಗ ಹಬೆ ಏಳುವುದನ್ನು ನೀವೂ ನೋಡಿರಬಹುದು. ಆ ಬಿಸಿಯೇ ಬಳ್ಳಿಗೆ ಆಸರೆ. ಆಲೂಗೆಡ್ಡೆ ಆಗ ಆ ಊರಿಗೆ ಹೊಸತು. ಬಡವರು ಅದನ್ನು ತಿನ್ನಲು ಹೆದರುತ್ತಿದ್ದರು. ಬಹುಮಾನಗಳನ್ನು ಕೊಟ್ಟದ್ದರಿಂದ ಅದು ನಿಧಾನವಾಗಿ ಬಳಕೆಗೆ ಬಂದಿತೆಂದು ವೈಟ್ ಬರೆದಿದ್ದಾರೆ.

ಕೋವಿಯಿಂದ ಕಿವಿಗೆ

ನಮ್ಮ ಪಕ್ಷಿತಜ್ಞ ಸಲೀಂ ಅಲಿಯವರ ಕಥೆ ನಿಮಗೆ ಗೊತ್ತಿರಬಹುದು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹಳದಿ ಕತ್ತಿನ ಗುಬ್ಬಿಯೊಂದನ್ನು ಹೊಡೆದು, ಅದು ಯಾವ ಹಕ್ಕಿ ಎಂದು ತಿಳಿಯಲು ಹೊರಟವರು ಮುಂದೆ ಪಕ್ಷಿಗಳ ಅಧ್ಯಯನಕ್ಕೇ ಬಾಳನ್ನು ಮೀಸಲಿಟ್ಟರು. ಅದಕ್ಕೂ ನೂರೈವತ್ತು ವರ್ಷ ಹಿಂದೆ ಬಾಳಿದ್ದ ವೈಟ್ ಕೂಡ ಯೌವನದಲ್ಲಿ ಕೋವಿ ಹಿಡಿದು ಬೇಟೆಯಾಡಿದವರೇ. ಇಂದಿನ ಬೈನಾಕ್ಯುಲರ್ ಆಗ ಇರಲಿಲ್ಲ. ಹಕ್ಕಿಯನ್ನು ಹತ್ತಿರದಿಂದ ನೋಡಬೇಕಾದರೆ ಅದನ್ನು ಹೊಡೆದು ಕೈಯಲ್ಲಿ ಹಿಡಿಯುವುದೇ ವಾಡಿಕೆ.

ಆದರೆ ಸತ್ತ ಹಕ್ಕಿ ಹಾಡುವುದಿಲ್ಲ. ಅದು ಏನು ತಿನ್ನುತ್ತದೆ, ಹೇಗೆ ಗೂಡು ಕಟ್ಟುತ್ತದೆ ಎಂಬುದು ಅದರ ದೇಹದಿಂದ ಪೂರ್ತಿ ತಿಳಿಯುವುದಿಲ್ಲ. ವೈಟ್ ಹಕ್ಕಿಗಳ ಹೆಸರಿನ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದರು. ನಡೆಯುವಾಗಲೂ ಕುದುರೆಯ ಮೇಲೆ ಹೋಗುವಾಗಲೂ ಯಾವ ಹಕ್ಕಿ ಇಂದು ಹಾಡಿತು, ಯಾವುದು ಹಾಡು ನಿಲ್ಲಿಸಿತು ಎಂದು ಗುರುತು ಹಾಕಿದರು.

ಇದರ ಫಲ ದೊಡ್ಡದು. ಹಸಿರು ಮಿಶ್ರಿತ ಕಂದು ಬಣ್ಣದ ಪುಟ್ಟ ಉಲಿಯಕ್ಕಿಗಳು ಒಂದೇ ಜಾತಿಯವೆಂಬಂತೆ ಕಾಣುತ್ತವೆ. ಆದರೆ ಅವುಗಳ ಹಾಡು ಮೂರು ಬಗೆಯಲ್ಲಿರುವುದನ್ನು ವೈಟ್ ಗಮನಿಸಿದರು. ಅನಂತರ ಮೂರರ ಮಾದರಿಗಳನ್ನೂ ಪಕ್ಕಪಕ್ಕ ಇಟ್ಟು ಗಾತ್ರ ಮತ್ತು ಬಣ್ಣ ಹೋಲಿಸಿದರು. ಅವು ಮೂರು ಬೇರೆ ಬೇರೆ ಪ್ರಭೇದಗಳೆಂದು 1768ರಲ್ಲಿ ತಿಳಿಸಿದರು. ಇಂದು ಅವುಗಳನ್ನು ಚಿಫ್‌ಚಾಫ್, ವಿಲೋ ವಾರ್ಬ್ಲರ್ ಮತ್ತು ವುಡ್ ವಾರ್ಬ್ಲರ್ ಎಂದು ಕರೆಯುತ್ತಾರೆ. ಕಣ್ಣಿಗೆ ಸಿಗದ ವ್ಯತ್ಯಾಸ ಮೊದಲು ಕಿವಿಗೆ ಸಿಕ್ಕಿತ್ತು!

ಹುಲ್ಲುಕಡ್ಡಿಯ ಉಪಾಯ

ಹುಲ್ಲುಗಾವಲಿನಲ್ಲಿ ಚಿರ್‌ಗುಡುವ ಮಿಡತೆಜಾತಿಯ ಕ್ರಿಕೆಟ್ ಕೀಟಗಳು ನೆಲದಲ್ಲಿ ಬಿಲ ತೋಡಿ ವಾಸಿಸುತ್ತವೆ. ಅವುಗಳನ್ನು ನೋಡಲು ವೈಟ್ ಮೊದಲು ಗುದ್ದಲಿಯಿಂದ ಅಗೆದರು. ಬಿಲದ ತುದಿ ಕಲ್ಲಿನ ಅಡಿ ಸೇರಿರುತ್ತಿತ್ತು, ಇಲ್ಲವೆ ಅಗೆಯುವ ರಭಸಕ್ಕೆ ಕೀಟ ಜಜ್ಜಿ ಸಾಯುತ್ತಿತ್ತು. ಆಮೇಲೆ ಅವರು ಬಳುಕುವ ಹುಲ್ಲುಕಡ್ಡಿಯೊಂದನ್ನು ಬಿಲದೊಳಗೆ ಮೆಲ್ಲನೆ ತೂರಿಸಿದರು. ಕೀಟ ತಾನಾಗಿಯೇ ಹೊರಬಂತು! ಜೀವಿಗೆ ನೋವಾಗದಂತೆ ಅದನ್ನು ತಿಳಿಯುವ ದಾರಿ ಸಿಕ್ಕಿತೆಂದು ಅವರಿಗೆ ಸಂತೋಷವಾಯಿತು. ಗಂಡು ಕೀಟವು ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ ಎಂಬುದನ್ನೂ ಅವರು ಬರೆದರು.

ಇಲಿ, ಹಂದಿ ಮತ್ತು ಆಮೆ

ಗೋಧಿ ಹೊಲಗಳಲ್ಲಿ ವಾಸಿಸುವ ಹಾರ್ವೆಸ್ಟ್ ಮೌಸ್ ಎಂಬ ಇಲಿಯನ್ನು ಬ್ರಿಟನ್ನಿನಲ್ಲಿ ಮೊದಲು ಗುರುತಿಸಿ ವಿವರಿಸಿದವರು ವೈಟ್. ತಕ್ಕಡಿಯಲ್ಲಿ ಇಟ್ಟಾಗ ಎರಡು ಇಲಿಗಳ ತೂಕ ಒಂದು ಅರ್ಧ ಪೆನ್ನಿ ತಾಮ್ರದ ನಾಣ್ಯಕ್ಕೆ ಸಮವಾಯಿತು. ಅಂದರೆ ಎರಡೂ ಸೇರಿ ಸುಮಾರು 10 ಗ್ರಾಂ ಅಷ್ಟೆ. ಹುಲ್ಲಿನಿಂದ ಹೆಣೆದ ಅದರ ಗೂಡು ಕ್ರಿಕೆಟ್ ಚೆಂಡಿನಷ್ಟಿತ್ತು. ಅದರೊಳಗೆ ಕಣ್ಣು ಬಿಡದ ಎಂಟು ಮರಿಗಳಿದ್ದವು.

ಹಂದಿ ಎಷ್ಟು ವರ್ಷ ಬದುಕುತ್ತದೆ? ಮಾಂಸಕ್ಕಾಗಿ ಸಾಕುವವರು ಅದನ್ನು ಬೇಗನೆ ಕಡಿಯುವುದರಿಂದ ಇದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ವೈಟ್ ಅವರ ನೆರೆಯವರೊಬ್ಬರು ಒಂದು ಹೆಣ್ಣು ಹಂದಿಯನ್ನು 17ನೇ ವರ್ಷದವರೆಗೆ ಸಾಕಿದ್ದರು. ಅದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಸುಮಾರು ಹತ್ತು ವರ್ಷ ಅದು ವರ್ಷಕ್ಕೆ ಎರಡು ಸಲ, ಸಲಕ್ಕೆ ಹತ್ತರಂತೆ ಮರಿ ಹಾಕಿತು. ಒಮ್ಮೆ ಇಪ್ಪತ್ತಕ್ಕೂ ಹೆಚ್ಚು ಮರಿ ಹಾಕಿದಾಗ ಮೊಲೆಗಳು ಸಾಲದೆ ಹಲವು ಮರಿಗಳು ಸತ್ತವು. ವಯಸ್ಸಾದಂತೆ ಮರಿಗಳ ಸಂಖ್ಯೆ ನಾಲ್ಕೈದಕ್ಕೆ ಇಳಿಯಿತು. ಒಟ್ಟು ಸುಮಾರು 300 ಮರಿಗಳ ತಾಯಿ ಅದು ಎಂದು ವೈಟ್ ಲೆಕ್ಕ ಹಾಕಿದರು. ಆ ಹಂದಿ ಗೇಟುಗಳನ್ನು ತಾನೇ ತೆರೆದುಕೊಂಡು ಗಂಡು ಹಂದಿಯಿದ್ದ ದೂರದ ತೋಟಕ್ಕೆ ಹೋಗಿ ಬರುತ್ತಿತ್ತು. ಹಂದಿ ದಡ್ಡ ಪ್ರಾಣಿ ಎನ್ನುವವರಿಗೆ ಇದು ಉತ್ತರವಲ್ಲವೆ?

ವೈಟ್ ಅವರ ಅತ್ತೆಯ ಮನೆಯಲ್ಲಿ ಟಿಮೊತಿ ಎಂಬ ಆಮೆ ಇತ್ತು. ಆಕೆ ತೀರಿಕೊಂಡ ಮೇಲೆ, 1780ರಲ್ಲಿ, ವೈಟ್ ಅದನ್ನು ಪೆಟ್ಟಿಗೆಯಲ್ಲಿಟ್ಟು ಕುದುರೆಗಾಡಿಯಲ್ಲಿ ಸೆಲ್ಬೋರ್ನ್‌ಗೆ ತಂದರು. ನವೆಂಬರಿನಲ್ಲಿ ಅದು ಮಣ್ಣಿನಲ್ಲಿ ಹೂತುಕೊಂಡು ಚಳಿಗಾಲವೆಲ್ಲ ಮಲಗುತ್ತಿತ್ತು. ವಸಂತ ಬಂದಾಗ ಮೇಲೆ ಬರುತ್ತಿತ್ತು. ವೈಟ್ ಅದನ್ನು ಆಗಾಗ ತೂಗಿದರು. ದೊಡ್ಡ ಕಹಳೆಯ ಮೂಲಕ ಅದರ ಬಳಿ ಕೂಗಿದರು. ಆಮೆ ಲಕ್ಷ್ಯವನ್ನೇ ಕೊಡಲಿಲ್ಲ! ಜೇನುಗೂಡುಗಳ ಬಳಿಯೂ ಹೀಗೆಯೇ ಕೂಗಿ ನೋಡಿದರು. ಜೇನುಹುಳುಗಳು ತಮ್ಮ ಕೆಲಸ ತಾವು ಮಾಡುತ್ತಲೇ ಇದ್ದವು. ಟಿಮೊತಿ ಗಂಡು ಎಂದೇ ಎಲ್ಲರೂ ತಿಳಿದಿದ್ದರು. ಅದು ಸತ್ತ ಮೇಲೆ ಚಿಪ್ಪನ್ನು ಪರೀಕ್ಷಿಸಿದಾಗ ಹೆಣ್ಣೆಂದು ತಿಳಿಯಿತು. ಆ ಚಿಪ್ಪು ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿದೆ.

ಬಡವರ ದೀಪದ ಲೆಕ್ಕ

ವೈಟ್ ನೋಡಿದ್ದು ಪ್ರಾಣಿ ಪಕ್ಷಿಗಳನ್ನು ಮಾತ್ರವಲ್ಲ. ಹಳ್ಳಿಯ ಬಡವರು ಜೊಂಡುಹುಲ್ಲಿನ ಸಿಪ್ಪೆ ಸುಲಿದು, ಒಣಗಿಸಿ, ಕೊಬ್ಬಿನಲ್ಲಿ ಅದ್ದಿ ದೀಪವಾಗಿ ಉರಿಸುತ್ತಿದ್ದರು. ಜಾಣ ಗೃಹಿಣಿಯರು ಹಂದಿಮಾಂಸ ಬೇಯಿಸುವಾಗ ಮೇಲೆ ತೇಲುವ ಕೊಬ್ಬನ್ನು ಇದಕ್ಕಾಗಿ ತೆಗೆದಿಡುತ್ತಿದ್ದರು. ವೈಟ್ ಇದನ್ನು ಅಳೆದು ಎಣಿಸಿ ನೋಡಿದರು. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಒಣ ಜೊಂಡಿನಲ್ಲಿ 1600ಕ್ಕೂ ಹೆಚ್ಚು ಕಡ್ಡಿಗಳಿದ್ದವು. ಒಂದು ಒಳ್ಳೆಯ ಕಡ್ಡಿ 57 ನಿಮಿಷ ಉರಿಯಿತು. ಕಡ್ಡಿಗೆ ಅರ್ಧ ಗಂಟೆ ಎಂದುಕೊಂಡರೂ ಒಟ್ಟು 800 ಗಂಟೆ ಬೆಳಕು! ಕೊಬ್ಬನ್ನು ಕೊಂಡುಕೊಂಡರೂ ಇದಕ್ಕೆ ಆಗುವ ಖರ್ಚು ಮೂರು ಷಿಲಿಂಗ್ ಮಾತ್ರ. ಆದರೆ ತೀರ ಬಡವರು ದಿನಾ ಸಂಜೆ ಅರ್ಧ ಪೆನ್ನಿ ಕೊಟ್ಟು ಮೇಣದ ಬತ್ತಿ ತರುತ್ತಿದ್ದರು. ಗಾಳಿ ನುಗ್ಗುವ ಅವರ ಗುಡಿಸಲಿನಲ್ಲಿ ಅದು ಎರಡು ಗಂಟೆ ಉರಿದರೆ ಹೆಚ್ಚು. ಅದೇ ಹಣಕ್ಕೆ ಜೊಂಡಿನಿಂದ 11 ಗಂಟೆ ಬೆಳಕು ಸಿಗುತ್ತಿತ್ತು. ಒಂದು ಷಿಲಿಂಗ್‌ಗೆ 12 ಪೆನ್ನಿ. ಈ ಲೆಕ್ಕ ಸರಿಯೇ ಎಂದು ನೀವೇ ಮಾಡಿ ನೋಡಿ.

ಎರೆಹುಳುವಿನ ಪರ ವಾದ

ಆಗ ತೋಟಗಾರರು ಮತ್ತು ರೈತರು ಎರೆಹುಳುವನ್ನು ದ್ವೇಷಿಸುತ್ತಿದ್ದರು. ವೈಟ್ 1777ರಲ್ಲಿ ಬರೆದ ಒಂದು ಪತ್ರದಲ್ಲಿ ಅದರ ಪರವಾಗಿ ವಾದಿಸಿದರು. ಎರೆಹುಳು ನೆಲವನ್ನು ಕೊರೆದು ಸಡಿಲ ಮಾಡುತ್ತದೆ. ಇದರಿಂದ ಮಳೆನೀರು ಒಳಗಿಳಿಯುತ್ತದೆ, ಬೇರುಗಳಿಗೆ ದಾರಿಯಾಗುತ್ತದೆ. ಅದು ಎಲೆ ಕಡ್ಡಿಗಳನ್ನು ಮಣ್ಣಿನೊಳಗೆ ಎಳೆದುಕೊಳ್ಳುತ್ತದೆ. ಅದರ ಹಿಕ್ಕೆ ಬೆಳೆಗೆ ಒಳ್ಳೆಯ ಗೊಬ್ಬರ. ನಿಸರ್ಗದ ಸರಪಳಿಯಲ್ಲಿ ಈ ಕೀಳೆನಿಸಿದ ಕೊಂಡಿ ಕಳಚಿದರೆ ದೊಡ್ಡ ನಷ್ಟವೆಂದು ಅವರು ತಿಳಿಸಿದರು. ನೂರು ವರ್ಷಗಳ ನಂತರ, 1881ರಲ್ಲಿ, ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಡಾರ್ವಿನ್ ಬಾಲ್ಯದಲ್ಲಿ ವೈಟ್ ಅವರ ಪುಸ್ತಕ ಓದಿ ಹಕ್ಕಿಗಳನ್ನು ಗಮನಿಸತೊಡಗಿದವರು.

ಉತ್ತರ ಸಿಗದ ಪ್ರಶ್ನೆ

ಸ್ವಾಲೋ ಎಂಬ ಕವಲು ಬಾಲದ ಹಕ್ಕಿಗಳು ಬೇಸಿಗೆಯಲ್ಲಿ ಸೆಲ್ಬೋರ್ನ್‌ನಲ್ಲಿ ಗೂಡು ಕಟ್ಟುತ್ತಿದ್ದವು. ಚಳಿಗಾಲದಲ್ಲಿ ಅವು ಕಾಣುತ್ತಿರಲಿಲ್ಲ. ಎಲ್ಲಿಗೆ ಹೋದವು? ಬೇರೆ ದೇಶಕ್ಕೆ ವಲಸೆ ಹೋಗುತ್ತವೆಂದು ಕೆಲವರು, ಇಲ್ಲೇ ಎಲ್ಲೋ ಅಡಗಿ ನಿದ್ರಿಸುತ್ತವೆಂದು ಕೆಲವರು ಹೇಳುತ್ತಿದ್ದರು. ಕೆಲವಾದರೂ ಇಲ್ಲಿಯೇ ಉಳಿಯಬಹುದೆಂದು ವೈಟ್ ಅವರಿಗೂ ಅನ್ನಿಸಿತ್ತು. ಅವರು ಆಳುಗಳನ್ನು ಕರೆದು ಪೊದೆ, ಪೊಟರೆಗಳನ್ನು ಹುಡುಕಿಸಿದರು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಅವರು ಪ್ರಾಮಾಣಿಕವಾಗಿ ಬರೆದರು. ಅವರ ಬಾಳಿನುದ್ದಕ್ಕೂ ಈ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಉತ್ತರ ಬಂದದ್ದು ಬಹಳ ಕಾಲದ ನಂತರ. 1911ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ ಸ್ವಾಲೋ ಒಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿತು! ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆ ಬಯಲುಗಳ ಮೇಲೆ ಹಾರಾಡಿ, ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಹಕ್ಕಿಗಳಲ್ಲಿ ಇದೇ ಪ್ರಭೇದದ ಸ್ವಾಲೋಗಳೂ ಇವೆ. ಅವು ಉತ್ತರದ ತಂಪು ನಾಡುಗಳಿಂದ ಬರುತ್ತವೆ.

ಪತ್ರಗಳೇ ಪುಸ್ತಕವಾದವು

ವೈಟ್ ತಾವು ಕಂಡದ್ದನ್ನು ಥಾಮಸ್ ಪೆನೆಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಪತ್ರ ಬರೆದು ತಿಳಿಸುತ್ತಿದ್ದರು. ಈ ಪತ್ರಗಳನ್ನು ಸೇರಿಸಿ 1789ರ ಪುಸ್ತಕವಾಗಿ ಪ್ರಕಟಿಸಿದವರು ಅವರ ತಮ್ಮ ಬೆಂಜಮಿನ್. ಸೆಲ್ಬೋರ್ನ್‌ನ ನೈಸರ್ಗಿಕ ಇತಿಹಾಸವನ್ನು ಹೇಳುವ ಈ ಪುಸ್ತಕ ಇಂದಿಗೂ ಮರುಮುದ್ರಣವಾಗುತ್ತಿದೆ. 1768ರಿಂದ ಬರೆಯುತ್ತಿದ್ದ ನಿಸರ್ಗ ದಿನಚರಿಯನ್ನು ವೈಟ್ ಸಾಯುವ ಕೆಲವೇ ದಿನಗಳ ಮೊದಲಿನವರೆಗೂ ಬರೆದರು. 1793ರ ಜೂನ್ 26ರಂದು ಅವರು ತಮ್ಮ ಮನೆಯಲ್ಲಿಯೇ ನಿಧನರಾದರು. ಸೆಲ್ಬೋರ್ನ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅದರ ಮೇಲಿರುವುದು ಒಂದು ಚಿಕ್ಕ ಕಲ್ಲು, ಹೆಸರಿನ ಎರಡು ಅಕ್ಷರ ಮತ್ತು ದಿನಾಂಕ. ಅವರ ಮನೆ ಈಗ ವಸ್ತುಸಂಗ್ರಹಾಲಯ.

ನೀವೂ ಮಾಡಿ ನೋಡಿ

ನಿಮ್ಮ ಊರಿನಲ್ಲಿ ಕಾಣುವ ಹತ್ತು ಹಕ್ಕಿಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಹೆಸರು ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಿ. ಶಾಲೆಗೆ ಹೋಗಿಬರುವಾಗ ಕಂಡ ಮತ್ತು ಕೂಗಿದ ಹಕ್ಕಿಗಳಿಗೆ ಗುರುತು ಹಾಕಿ, ದಿನಾಂಕ ಬರೆಯಿರಿ. ಗೂಡುಗಳನ್ನು ಮುಟ್ಟಬೇಡಿ, ಕವಣೆ ಬೀಸಬೇಡಿ. ಒಂದು ವರ್ಷ ಬಿಡದೆ ಬರೆದರೆ, ಯಾವ ಹಕ್ಕಿ ಯಾವ ತಿಂಗಳು ನಿಮ್ಮ ಊರಿಗೆ ಬಂತು, ಯಾವಾಗ ಹೊರಟಿತು ಎಂಬುದು ಆ ಹಾಳೆಗಳಿಂದಲೇ ತಿಳಿಯುತ್ತದೆ. ಬರೆದದ್ದನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.